ಲಕ್ವಾ ಹೊಡೆದ ಕೈ ಮತ್ತೆ ಕಲಿಯುವ ಬಗೆ

ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇರುವುದಿಲ್ಲ. ಗೋಧಿಗೆ ಆ ಜಿಗುಟು ಕೊಡುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿಯುವ ಎಸರು ಹಾಕಿ ಎಷ್ಟು ನಾದಿದರೂ ಹಿಟ್ಟು ಎಳೆದಂತೆ ಹಿಗ್ಗುವುದಿಲ್ಲ, ಒತ್ತು ತುಸು ಹೆಚ್ಚಾದರೆ ಅಂಚು ಬಿರಿಯುತ್ತದೆ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮನೆಗಳಲ್ಲಿ ರೊಟ್ಟಿಯನ್ನು ಅಂಗೈಯಿಂದ ಬಡಿಯುವುದು ಈ ಕಾರಣಕ್ಕೆ. ಬಲಗೈಯ ಪ್ರತಿ ಪೆಟ್ಟೂ ಎರಡು ಕೆಲಸ ಮಾಡುತ್ತದೆ: ಹಿಟ್ಟನ್ನು ಹೊರಕ್ಕೆ ಹರಡುತ್ತದೆ, ರೊಟ್ಟಿಯನ್ನು ಒಂದಿಷ್ಟು ತಿರುಗಿಸುತ್ತದೆ. ಎಡಗೈ ಅಂಚನ್ನು ಕಾಯುತ್ತದೆ. ಹಿಟ್ಟು ಹೊಸದೋ ಹಳೆಯದೋ, ನೀರು ಹೆಚ್ಚಾಯಿತೋ ಕಡಿಮೆಯಾಯಿತೋ, ಹಂಚು ಎಷ್ಟು ಕಾದಿದೆ ಎಂಬುದರ ಮೇಲೆ ಪೆಟ್ಟಿನ ಬಿಗಿ ದಿನದಿನಕ್ಕೆ ಬದಲಾಗುತ್ತದೆ. ಬಡಿಯುವ ಹೆಂಗಸು ಇದನ್ನೆಲ್ಲ ಲೆಕ್ಕ ಹಾಕುತ್ತಿರುವಂತೆ ಕಾಣುವುದಿಲ್ಲ. ಬಾಯಲ್ಲಿ ಬೇರೆ ಮಾತು ನಡೆದಿರುತ್ತದೆ. ಲೆಕ್ಕ ಮಾತ್ರ ಮೆದುಳಿನಲ್ಲಿ ತಪ್ಪದೆ ಸಾಗಿರುತ್ತದೆ. ಎಳೆಯ ವಯಸ್ಸಿನಲ್ಲಿ ಹರಿದ ರೊಟ್ಟಿಗಳಿಂದ ಶುರುವಾಗಿ ವರ್ಷಗಟ್ಟಲೆ ಕಟ್ಟಿಕೊಂಡ ವಿದ್ಯೆ ಅದು. ಲಕ್ವಾ ಹೊಡೆದರೆ ಕೆಲವೇ ನಿಮಿಷಗಳಲ್ಲಿ ಅದು ಕೈತಪ್ಪುತ್ತದೆ. ಕೈತಪ್ಪಿದ್ದು ಮರಳಿ ಬರುವುದು ಹೇಗೆ ಎಂಬುದು ಈ ಅಧ್ಯಾಯದ ವಿಷಯ. ಕಳೆದುಹೋದ ಚಲನೆ ಮರಳುವುದು ಬಹುಪಾಲು ಮತ್ತೆ ಕಲಿಯುವುದರಿಂದ. ಹಾಗೆ ಕಲಿಯಲು ಬೇಕಾದ ಸಾಮಗ್ರಿ ನಮ್ಮ ಅಡುಗೆಮನೆ, ಹಿತ್ತಲು, ಹೊಲದಲ್ಲೇ ಇದೆ. ಆದರೆ ಅದನ್ನು ಔಷಧಿಯಂತೆ ಅಳೆದು ಕೊಡಬಲ್ಲ ತರಬೇತಿ ಪಡೆದವರು ಹತ್ತಿರದಲ್ಲಿ ಬೇಕು. ನನ್ನ ವಾದ ಇಷ್ಟೆ.

ಮೊದಲು ಲಕ್ವಾದಲ್ಲಿ ಕೆಡುವುದು ಯಾವುದು ಎಂದು ತಿಳಿಯಬೇಕು. ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಆ ಭಾಗದ ನರಕೋಶಗಳು ಸಾಯತೊಡಗುತ್ತವೆ. ನಾಳ ಕಟ್ಟಿದ್ದರೆ, ನಾಲ್ಕೂವರೆ ಗಂಟೆಯೊಳಗೆ ತಕ್ಕ ಆಸ್ಪತ್ರೆ ಮುಟ್ಟಿದವರಿಗೆ ಹೆಪ್ಪು ಕರಗಿಸುವ ಔಷಧಿ ಕೊಡಲು ಸಾಧ್ಯ. ಆದ್ದರಿಂದ ಬಾಯಿ ಸೊಟ್ಟಗಾದ, ಕೈ ಜೋತುಬಿದ್ದ, ಮಾತು ತೊದಲಿದ ಕ್ಷಣದಲ್ಲಿ ಗಡಿಯಾರ ನೋಡಿಕೊಂಡು ಹೊರಡಬೇಕು. ಕೈಕಾಲುಗಳಿಗೆ ಅಪ್ಪಣೆ ಕೊಡುವ ಮೆದುಳಿನ ಪಟ್ಟಿಯನ್ನು 1870ರಲ್ಲಿ ಜರ್ಮನಿಯ ಫ್ರಿಟ್ಶ್ ಮತ್ತು ಹಿಟ್ಜಿಗ್ ನಾಯಿಗಳಲ್ಲಿ ಗುರುತಿಸಿದರು. ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1937ರಲ್ಲಿ ಮನುಷ್ಯರ ಮೆದುಳಿನಲ್ಲಿ ಅದರ ನಕ್ಷೆಯನ್ನು ಪ್ರಕಟಿಸಿದಾಗ, ಇಡೀ ಮುಂಡಕ್ಕಿರುವ ಜಾಗಕ್ಕಿಂತ ಅಂಗೈ ಮತ್ತು ಬೆರಳುಗಳಿಗಿರುವ ಜಾಗವೇ ದೊಡ್ಡದೆಂದು ಗೊತ್ತಾಯಿತು. ಅಲ್ಲಿಂದ ಹೊರಟ ನರತಂತುಗಳು ಮೆದುಳಿನ ಆಳದಲ್ಲಿ ಒಂದು ಇಕ್ಕಟ್ಟಿನ ದಾರಿಯಲ್ಲಿ ಒತ್ತಾಗಿ ಸಾಗಿ, ಮೆದುಳಿನ ಬುಡದಲ್ಲಿ, ಕುತ್ತಿಗೆಗೆ ತುಸು ಮೇಲೆ, ಬಹುಪಾಲು ಎದುರು ಬದಿಗೆ ದಾಟುತ್ತವೆ. ಎಡ ಮೆದುಳಿಗೆ ಪೆಟ್ಟಾದರೆ ಬಲಗೈ ಬೀಳುವುದಕ್ಕೆ ಇದೇ ಕಾರಣ. ಇಕ್ಕಟ್ಟಿನ ಆ ದಾರಿಯಲ್ಲಿ ಸಣ್ಣ ಹೆಪ್ಪು ಸಿಕ್ಕಿಕೊಂಡರೂ ಇಡೀ ಕೈ ಸೋಲಬಹುದು. ಇಲ್ಲಿ ಗಮನಿಸಬೇಕಾದದ್ದು, ತೋಳಿನ ಎಲುಬು, ಸ್ನಾಯು, ನರ ಮೊದಲಿಗೆ ಎಲ್ಲವೂ ನೆಟ್ಟಗಿರುತ್ತವೆ. ಎಣ್ಣೆ ತಿಕ್ಕಿದರೆ ಬಿಗಿತ ಸ್ವಲ್ಪ ಸಡಿಲಾಗಬಹುದು, ಕಾಯಿಲೆಯವರಿಗೆ ಹಿತವೆನಿಸಬಹುದು. ಕೆಟ್ಟಿರುವುದು ಅಪ್ಪಣೆ ಹೊರಡುವ ಜಾಗ. ಅದನ್ನು ತೋಳಿಗೆ ಹಚ್ಚಿದ ಎಣ್ಣೆಯಾಗಲಿ, ನಾಟಿ ಮದ್ದೆಂದು ಸವರುವ ಪಾರಿವಾಳದ ರಕ್ತವಾಗಲಿ ಮುಟ್ಟುವುದಿಲ್ಲ.

ಸತ್ತ ನರಕೋಶ ಮತ್ತೆ ಹುಟ್ಟದಿದ್ದರೆ ಕೈ ಸುಧಾರಿಸುವುದು ಹೇಗೆ ಎಂಬ ಪ್ರಶ್ನೆ ಸಹಜ. ನರವಿಜ್ಞಾನದ ಹಿರಿಯ, ಸ್ಪೇನಿನ ರಾಮೋನ್ ಇ ಕಹಾಲ್ ಕೂಡ 1928ರಲ್ಲಿ ಇಂಗ್ಲಿಷಿಗೆ ಬಂದ ತಮ್ಮ ಗ್ರಂಥದಲ್ಲಿ, ಬೆಳೆದ ಮೆದುಳಿನ ದಾರಿಗಳು ಮುಗಿದುಹೋದವು, ಬದಲಾಗದವು ಎಂಬ ಅರ್ಥದ ಮಾತು ಬರೆದಿದ್ದರು. ಹಲವು ದಶಕ ವೈದ್ಯರು ಅದನ್ನೇ ನಂಬಿದರು. ಆ ನಂಬಿಕೆ ಸಡಿಲಾಗಲು ಕಾರಣವಾದ ಪ್ರಯೋಗಗಳಲ್ಲಿ ಅಮೆರಿಕದ ರ‍್ಯಾಂಡಾಲ್ಫ್ ನೂಡೊ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ್ದು ಮುಖ್ಯವಾದದ್ದು. ಸಣ್ಣ ಜಾತಿಯ ಕೋತಿಗಳ ಮೆದುಳಿನಲ್ಲಿ ಕೈಗೆ ಮೀಸಲಾದ ಜಾಗದ ಒಂದು ಭಾಗವನ್ನು ಅವರು ಸಾಯಿಸಿದರು. ಸುಮ್ಮನೆ ಬಿಟ್ಟ ಕೋತಿಗಳಲ್ಲಿ ಪೆಟ್ಟು ಬೀಳದ ಅಕ್ಕಪಕ್ಕದ ಜಾಗವೂ ದಿನ ಕಳೆದಂತೆ ಕೈಯ ಪಾಲಿಗೆ ಇಲ್ಲವಾಯಿತು. ಸಣ್ಣ ಗುಳಿಗಳಿಂದ ಬೆರಳಿನಲ್ಲಿ ಕಾಳು ಹೆಕ್ಕುವ ಅಭ್ಯಾಸ ಮಾಡಿಸಿದ ಕೋತಿಗಳಲ್ಲಿ ಆ ಜಾಗ ಉಳಿಯಿತು. ಕೆಲವುಗಳಲ್ಲಿ ಮೊಣಕೈ, ಭುಜಗಳಿಗೆ ಸೇರಿದ್ದ ಜಾಗದೊಳಕ್ಕೂ ಕೈಯ ನಕ್ಷೆ ಹಬ್ಬಿತು. ಸತ್ತದ್ದು ಬದುಕಲಿಲ್ಲ, ಉಳಿದದ್ದು ಹೊಸ ಹೊಣೆ ಹೊತ್ತುಕೊಂಡಿತು. ಅಭ್ಯಾಸವಿಲ್ಲದಿದ್ದರೆ ಪೆಟ್ಟಾಗದ ಭಾಗವೂ ಕೈಯಿಂದ ಜಾರುತ್ತದೆ ಎಂಬ ಎರಡನೆಯ ಪಾಠವನ್ನು ನಾವು ಮೊದಲನೆಯದಕ್ಕಿಂತ ಹೆಚ್ಚು ನೆನಪಿಡಬೇಕು, ಏಕೆಂದರೆ ಅದು ಮನೆಯವರ ಕೈಯಲ್ಲಿರುವ ಸಂಗತಿ.

ಹಾಗಾದರೆ ಕೈಯನ್ನು ದಿನಕ್ಕೆ ನೂರು ಸಲ ಎತ್ತಿ ಇಳಿಸಿದರೆ ಸಾಕೇ? ಅದಕ್ಕೂ ಅದೇ ಪ್ರಯೋಗಾಲಯದಿಂದ ಉತ್ತರ ಬಂತು. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೋತಿಗಳು ಅಗಲವಾದ ಗುಳಿಯಿಂದ ಕಾಳು ತೆಗೆಯಬೇಕಿತ್ತು. ಅಷ್ಟು ಅಗಲದ ಗುಳಿಯಲ್ಲಿ ಕೈ ಹಾಕಲು ಹೊಸ ಜಾಣ್ಮೆ ಏನೂ ಬೇಕಿಲ್ಲ. ಸಾವಿರಾರು ಸಲ ತೆಗೆದರೂ ಮೆದುಳಿನ ನಕ್ಷೆ ಬದಲಾಗಲಿಲ್ಲ. ಕಿರಿದಾದ ಗುಳಿಯಿಂದ, ತಪ್ಪುತ್ತಾ ತಿದ್ದಿಕೊಳ್ಳುತ್ತಾ ತೆಗೆಯುವುದನ್ನು ಕಲಿತ ಕೋತಿಗಳಲ್ಲಿ ನಕ್ಷೆ ಬದಲಾಗಿತ್ತು. ಮೆದುಳನ್ನು ಬದಲಿಸುವುದು ಕಲಿಕೆ. ಬರಿಯ ಎಣಿಕೆಯಿಂದ ಅದು ಬದಲಾಗುವುದಿಲ್ಲ. ಹಾಸಿಗೆಯಲ್ಲಿ ಮಲಗಿದವರ ಕೈಯನ್ನು ಬೇರೆಯವರು ಹಿಡಿದು ಆಡಿಸುವುದರಿಂದ ಕೀಲು ಗಟ್ಟಿಯಾಗದಂತೆ ಕಾಯಬಹುದು, ಅದು ಬೇಕಾದದ್ದೇ. ಆದರೆ ಕಲಿಯಬೇಕಾದವರೇ ಪ್ರಯತ್ನ ಹಾಕಿ, ತಪ್ಪಿ, ಸರಿ ಮಾಡಿಕೊಳ್ಳದೆ ಕೈಗೆ ಕಲಿಕೆ ಆಗುವುದಿಲ್ಲ.

ಕೈ ಕಲಿಯುವ ವಿದ್ಯೆ ಮಾತಿನಲ್ಲಿ ಹೇಳಬಹುದಾದ ನೆನಪಿಗಿಂತ ಬೇರೆ ಜಾತಿಯದು ಎಂಬುದಕ್ಕೂ ಗಟ್ಟಿ ಸಾಕ್ಷ್ಯವಿದೆ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ ಮೂರ್ಛೆ ರೋಗಕ್ಕೆಂದು ಶಸ್ತ್ರಚಿಕಿತ್ಸೆ ಆದ ಮೇಲೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲದಾಯಿತು. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಆತನಿಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲು ಎಳೆಯುವ ಕೆಲಸ ಕೊಟ್ಟರು. ಮೂರು ದಿನಗಳಲ್ಲಿ ಆತ ಅದರಲ್ಲಿ ಪಳಗಿದ; ಮೂರನೆಯ ದಿನವೂ ಹಿಂದೆ ಮಾಡಿದ್ದು ಅವನಿಗೆ ನೆನಪಿರಲಿಲ್ಲ. ಲಕ್ವಾದಿಂದ ಮಾತು ಬಿದ್ದವರು, ನೆನಪು ಕುಂದಿದವರು ಏನನ್ನೂ ಕಲಿಯಲಾರರು ಎಂದು ಮನೆಯವರು ಕೈಚೆಲ್ಲುವುದುಂಟು. ಹಾಗೆ ಕೈಚೆಲ್ಲಬಾರದು. ವಿವರಿಸಿ ಹೇಳಲು ಬಾರದವರೂ ಮಾಡಿ ಕಲಿಯಬಲ್ಲರು. ಅವರ ಮುಂದೆ ಉಪದೇಶಕ್ಕಿಂತ ವಸ್ತು ಇಡುವುದು ಮೇಲು.

ಈಗ ಮನೆಯೊಳಗಿನ ಒಂದು ತೊಡಕಿಗೆ ಬರೋಣ. ಎಡ್ವರ್ಡ್ ಟಾಬ್ ಎಂಬ ಅಮೆರಿಕದ ವಿಜ್ಞಾನಿ ಕೋತಿಗಳ ಒಂದು ಕೈಯ ಸ್ಪರ್ಶದ ನರಗಳನ್ನು ಕತ್ತರಿಸಿ ನೋಡಿದರು. ಆ ಕೈ ಆಡಿಸಲು ಬರುವಂತಿದ್ದರೂ ಕೋತಿ ಅದನ್ನು ಬಳಸುವುದನ್ನೇ ಬಿಟ್ಟಿತು. ಮೊದಲ ದಿನಗಳಲ್ಲಿ ಪ್ರಯತ್ನಿಸಿ ಸೋತದ್ದು, ಒಳ್ಳೆಯ ಕೈಯಿಂದ ಕೆಲಸ ಬೇಗ ಆದದ್ದು, ಈ ಎರಡೂ ಸೇರಿ 'ಬಳಸದಿರುವುದನ್ನು' ಕಲಿಸಿಬಿಟ್ಟಿದ್ದವು. ಒಳ್ಳೆಯ ಕೈಯನ್ನು ಕಟ್ಟಿದಾಗ ಕೋತಿ ಬಿಟ್ಟ ಕೈಯನ್ನು ಮತ್ತೆ ಎತ್ತಿತು. ಇದರಿಂದ ಹುಟ್ಟಿದ ಚಿಕಿತ್ಸೆಯನ್ನು ಅಮೆರಿಕದ ಏಳು ಕೇಂದ್ರಗಳಲ್ಲಿ, ಲಕ್ವಾ ಆಗಿ 3ರಿಂದ 9 ತಿಂಗಳಾಗಿದ್ದ 222 ಜನರಲ್ಲಿ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಪಡೆದವರು ಎರಡು ವಾರ, ಎಚ್ಚರವಿರುವ ಹೊತ್ತಿನ ಶೇ. 90ರಷ್ಟು ಕಾಲ ಒಳ್ಳೆಯ ಕೈಗೆ ದಪ್ಪ ಕೈಗವಸು ಹಾಕಿಕೊಂಡು ಸೋತ ಕೈಯಿಂದಲೇ ಕೆಲಸ ಮಾಡಿದರು. ಒಂದು ವರ್ಷದ ನಂತರ, ಪರೀಕ್ಷೆಯ ಒಂದೊಂದು ಕೆಲಸಕ್ಕೆ ಅವರಿಗೆ ಬೇಕಾದ ಸಮಯ ಸರಾಸರಿ 19.3 ಸೆಕೆಂಡಿನಿಂದ 9.3ಕ್ಕೆ ಇಳಿದಿತ್ತು. ವಾಡಿಕೆಯ ಆರೈಕೆಯಲ್ಲಿದ್ದವರದು 24ರಿಂದ 17.7ಕ್ಕೆ ಇಳಿದಿತ್ತು. ಮಣಿಕಟ್ಟು, ಬೆರಳುಗಳನ್ನು ಸ್ವಲ್ಪವಾದರೂ ಮೇಲೆತ್ತಬಲ್ಲವರಿಗೆ ಮಾತ್ರ ಈ ಚಿಕಿತ್ಸೆ ಹೊಂದುತ್ತದೆ. ಪೂರ್ತಿ ಸೋತ ಕೈಗೆ ಇದು ದಾರಿಯಲ್ಲ.

ನಮ್ಮ ಕಡೆ ಈ 'ಬಳಸದಿರುವ ಪಾಠ'ವನ್ನು ಕಲಿಸುವುದು ಪ್ರೀತಿಯೇ. "ಅತ್ತಿ, ನೀವು ಸುಮ್ನ ಕೂಡ್ರಿ, ನಾ ಮಾಡ್ತೀನ್ರಿ" ಎನ್ನುವ ಸೊಸೆಯ ಮಾತಿನಲ್ಲಿ ಗೌರವವಿದೆ, ಕಕ್ಕುಲಾತಿ ಇದೆ. ಹಿರಿಯರಿಗೆ ಉಣಿಸುವುದು, ಅವರ ತಲೆ ಬಾಚುವುದು, ನೀರಿನ ತಂಬಿಗೆ ಕೈಗೆ ಕೊಡುವುದು ಸೇವೆ ಎಂದೇ ನಾವು ತಿಳಿದಿದ್ದೇವೆ. ಆದರೆ ಹೀಗೆ ಕಳೆದ ತಿಂಗಳುಗಳಲ್ಲಿ ಕೈ ತನ್ನ ಕೆಲಸವನ್ನು ಮರೆಯುತ್ತದೆ, ಮನೆ ಆ ಕೈಯನ್ನು ಮರೆಯುತ್ತದೆ. ಇದರ ಜೊತೆಗೆ ಬಲಗೈ ಎಡಗೈಯ ಮಡಿ-ಮೈಲಿಗೆ ಇದೆ. ಊಟ ಬಲಗೈಯಲ್ಲಿ, ಶೌಚ ಎಡಗೈಯಲ್ಲಿ ಎಂಬ ಕಟ್ಟುಪಾಡಿರುವ ಸಮಾಜದಲ್ಲಿ ಬಲಗೈ ಬಿದ್ದವರು ನಾಲ್ಕು ಜನರ ಪಂಕ್ತಿಯಲ್ಲಿ ಎಡಗೈಯಿಂದ ತುತ್ತೆತ್ತಲು ನಾಚುತ್ತಾರೆ, ಮದುವೆ-ಜಾತ್ರೆಗಳಿಂದ ದೂರ ಉಳಿಯುತ್ತಾರೆ. ಎಡಗೈ ಬಿದ್ದವರಿಗೆ ಶೌಚ ಪರಾಧೀನವಾಗುತ್ತದೆ. ಪಶ್ಚಿಮದ ಪುಸ್ತಕಗಳಲ್ಲಿ ಎರಡು ಕೈಗಳು ಬರೀ ಎರಡು ಕೈಗಳು. ಇಲ್ಲಿ ಅವು ಎರಡು ಬೇರೆ ಬೇರೆ ಸಾಮಾಜಿಕ ಹೊಣೆಗಳು. ಚಿಕಿತ್ಸೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆಸ್ಪತ್ರೆಯಲ್ಲಿ ಚೇತರಿಸಿದ ಕೈ ಮನೆಯಲ್ಲಿ ಮತ್ತೆ ಮಡಿಲಿಗೆ ಬೀಳುತ್ತದೆ.

ಅಭ್ಯಾಸ ಹೇಗಿರಬೇಕು ಎಂಬುದರ ಬಗ್ಗೆ ಚಲನ ಕಲಿಕೆಯ ವಿಜ್ಞಾನ ನೂರು ವರ್ಷಗಳಿಂದ ಸಾಕಷ್ಟು ಕಂಡುಕೊಂಡಿದೆ. 1920ರ ದಶಕದಲ್ಲಿ ಮಾಸ್ಕೊದ ಕೇಂದ್ರೀಯ ಶ್ರಮ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ನುರಿತ ಕೆಲಸಗಾರರ ತೋಳಿಗೆ ಸಣ್ಣ ದೀಪ ಕಟ್ಟಿ, ಉಳಿಗೆ ಸುತ್ತಿಗೆ ಹೊಡೆಯುವಾಗ ಚಿತ್ರ ತೆಗೆದರು. ಪೆಟ್ಟು ಪ್ರತಿ ಸಲವೂ ಗುರಿಗೆ ಬೀಳುತ್ತಿತ್ತು, ಆದರೆ ಭುಜ, ಮೊಣಕೈ, ಮಣಿಕಟ್ಟು ಎರಡು ಸಲ ಒಂದೇ ದಾರಿಯಲ್ಲಿ ಸಾಗಿರಲಿಲ್ಲ. ನುರಿತ ಕೈ ಒಂದೇ ಚಲನೆಯನ್ನು ಪುನರುಚ್ಚರಿಸುವುದಿಲ್ಲ. ಒಂದೇ ಸಮಸ್ಯೆಯನ್ನು ಪ್ರತಿ ಸಲ ಹೊಸದಾಗಿ ಬಿಡಿಸುತ್ತದೆ. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಚಲನೆಯ ಮೂರು ಬಗೆಯ ಕೆಲಸ ಕಲಿಸಿದರು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಮೂರನ್ನೂ ಕಲಸಿ ಅಭ್ಯಾಸ ಮಾಡಿದವರು ಆಗ ತಡವರಿಸಿದರು, ಆದರೆ ಹತ್ತು ದಿನ ಬಿಟ್ಟು ನೋಡಿದಾಗ ಅವರೇ ಮುಂದಿದ್ದರು. ಕ್ಯಾರೊಲಿ ವಿನ್‌ಸ್ಟೀನ್ ಮತ್ತು ರಿಚರ್ಡ್ ಶ್ಮಿಟ್ 1990ರಲ್ಲಿ ತೋರಿಸಿದ್ದು ಇನ್ನೊಂದು: ಪ್ರತಿ ಸಲವೂ 'ಇಷ್ಟು ತಪ್ಪಿತು' ಎಂದು ಹೇಳಿಸಿಕೊಂಡವರಿಗಿಂತ ಅರ್ಧದಷ್ಟು ಸಲ ಹೇಳಿಸಿಕೊಂಡವರ ಕಲಿಕೆ ಹೆಚ್ಚು ದಿನ ನಿಂತಿತು, ಏಕೆಂದರೆ ಹೇಳುವವರು ಸುಮ್ಮನಿದ್ದಾಗ ಅವರು ತಮ್ಮ ತಪ್ಪನ್ನು ತಾವೇ ಅಳೆಯಬೇಕಾಯಿತು. ಇವು ಬಹುಪಾಲು ಆರೋಗ್ಯವಂತ ತರುಣರ ಮೇಲೆ ನಡೆದ ಪ್ರಯೋಗಗಳು. ಕಲಿಕೆಯ ಶುರುವಿನಲ್ಲಿರುವ, ತೀರಾ ಸೋತ ಕೈಗೆ ಮೊದಲು ಒಂದೇ ಕೆಲಸ, ಹೆಚ್ಚು ಸುಳಿವು ಬೇಕಾಗಬಹುದು. ಯಾವಾಗ ಸುಳಿವು ಕಡಿಮೆ ಮಾಡಬೇಕು ಎಂಬುದು ಅನುಭವಿ ಕಣ್ಣಿನ ತೀರ್ಮಾನ.

ಈ ಮೂರು ತತ್ವಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮನೆಗೆಲಸ ಅವಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಹೊಂದುತ್ತದೆ. ಶೇಂಗಾ ಸುಲಿಯುವುದನ್ನು ತೆಗೆದುಕೊಳ್ಳಿ. ಒಂದು ಕಾಯಿ ಇನ್ನೊಂದರಂತೆ ಇರುವುದಿಲ್ಲ. ಸಿಪ್ಪೆ ಒಡೆಯುವಷ್ಟು ಒತ್ತಬೇಕು, ಕಾಳು ಜಜ್ಜುವಷ್ಟು ಒತ್ತಬಾರದು. ತಪ್ಪಿದರೆ ಕಾಳೇ ಹೇಳುತ್ತದೆ. ಮೊರದಲ್ಲಿ ಜೋಳ ಹಸನು ಮಾಡುವಾಗ ಕಣ್ಣು ಕಲ್ಲು ಹುಡುಕುತ್ತದೆ, ಹೆಬ್ಬೆರಳು-ತೋರುಬೆರಳು ಅದನ್ನು ಹೆಕ್ಕುತ್ತವೆ. ಇಂಡಿ ಕಡೆಯ ನಿಂಬೆಹಣ್ಣನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಬುಟ್ಟಿಗೆ ಹಾಕುವಾಗ ಅಂಗೈ ಪ್ರತಿ ಹಣ್ಣಿಗೂ ಹೊಸದಾಗಿ ಅರಳಬೇಕು. ಕುಬಸದ ಗುಂಡಿ, ಪೈಜಾಮದ ಲಾಡಿ, ಕೌದಿಯ ಹೊಲಿಗೆ, ತಲೆಗೆ ಪಟಗ ಸುತ್ತುವುದು, ಎತ್ತಿನ ಹಗ್ಗ ಕಟ್ಟುವುದು, ಇವೆಲ್ಲ ಎರಡೂ ಕೈ ಬೇಡುವ ಕೆಲಸಗಳು. ಕೆಲಸ ನಿಜವಾಗಿದ್ದಾಗ ಚಲನೆಯ ಗುಣವೇ ಬದಲಾಗುತ್ತದೆ. ತೈವಾನಿನ ಚಿಂಗ್-ಯಿ ವು ಮತ್ತು ಸಂಗಡಿಗರು ಲಕ್ವಾ ಆದವರಿಗೆ ಮೇಜಿನ ಮೇಲಿನ ನಾಣ್ಯಗಳನ್ನು ಬಾಚಿಕೊಳ್ಳಲು ಹೇಳಿ, ಅದೇ ಚಲನೆಯನ್ನು ನಾಣ್ಯವಿಲ್ಲದೆ ನಟಿಸಲೂ ಹೇಳಿ ಅಳೆದು ನೋಡಿದಾಗ, ನಿಜವಾದ ನಾಣ್ಯ ಇದ್ದಾಗ ಕೈ ಹೆಚ್ಚು ನಯವಾಗಿ, ನೇರವಾಗಿ ಸಾಗಿತ್ತು. ಬರಿಗಾಳಿಯಲ್ಲಿ ಕೈಯಾಡಿಸುವ ವ್ಯಾಯಾಮಕ್ಕೂ ಕಾಳು ಹೆಕ್ಕುವ ಕೆಲಸಕ್ಕೂ ಮೆದುಳು ಒಂದೇ ಬೆಲೆ ಕೊಡುವುದಿಲ್ಲ. ಬದುಕಿಗೆ ಬೇಕಾದ, ಮನುಷ್ಯನಿಗೆ ಅರ್ಥವಿರುವ ಕೆಲಸಗಳ ಮೂಲಕವೇ ಚೇತರಿಕೆ ತರುವ ವೈದ್ಯಕೀಯ ಶಾಖೆಯೇ ಆಕ್ಯುಪೇಷನಲ್ ಥೆರಪಿ.

ಆದರೆ 'ಕೆಲಸ ಮಾಡಿಸಿ' ಎಂದು ಹೇಳಿ ಕೈತೊಳೆದುಕೊಂಡರೆ ಅದು ಚಿಕಿತ್ಸೆಯಾಗುವುದಿಲ್ಲ. ಸ್ಪರ್ಶ ಕಳೆದುಕೊಂಡ ಕೈಗೆ ಕಾದ ಹಂಚು ಸುಟ್ಟದ್ದೂ ಗೊತ್ತಾಗುವುದಿಲ್ಲ. ಜೋತುಬಿದ್ದ ತೋಳು ಹಿಡಿದು ಎಬ್ಬಿಸಿದರೆ ಭುಜದ ಕೀಲು ಜಾರಿ, ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಬೆರಳುಗಳು ಬಿಗಿಯಾಗಿ ಮಡಚಿಕೊಂಡವರಿಗೆ ಗಟ್ಟಿಯಾಗಿ ಹಿಸುಕುವ ಕೆಲಸ ಕೊಟ್ಟರೆ ಬೇಕಾದ ಬಿಚ್ಚುವಿಕೆಗೆ ಅಭ್ಯಾಸ ಸಿಗದೆ ಮಡಚುವುದಕ್ಕಷ್ಟೇ ಸಿಗುತ್ತದೆ. ಥೆರಪಿಸ್ಟ್ ಮಾಡುವ ಮೊದಲ ಕೆಲಸ ರೊಟ್ಟಿ ಬಡಿಯುವುದನ್ನು ಬಿಡಿಸಿ ನೋಡುವುದು: ಕೂತಲ್ಲಿ ಬೆನ್ನು ನೆಟ್ಟಗೆ ನಿಲ್ಲುತ್ತದೆಯೇ, ಭುಜ ಮುಂದಕ್ಕೆ ಬರುತ್ತದೆಯೇ, ಅಂಗೈ ಚಪ್ಪಟೆಯಾಗಿ ಬಿಚ್ಚುತ್ತದೆಯೇ, ಪೆಟ್ಟಿನ ಬಿಗಿ ಏರಿಳಿಸಲು ಬರುತ್ತದೆಯೇ. ಆಮೇಲೆ ಮೆಟ್ಟಿಲು ಕಟ್ಟುವುದು. ಮೊದಲು ಪರಾತದಲ್ಲಿ ಒಣ ಹಿಟ್ಟು ಹರಡಿ, ಒಳ್ಳೆಯ ಕೈಯ ಆಸರೆಯಲ್ಲಿ ಸೋತ ಅಂಗೈಯಿಂದ ಸವರುವುದು. ನಂತರ ತಣ್ಣಗಾದ ಹಿಟ್ಟನ್ನು ಎರಡೂ ಕೈಯಿಂದ ನಾದುವುದು. ಮುಂದೆ ಸಣ್ಣ ಉಂಡೆಯನ್ನು ತಟ್ಟಿ ಅಂಗೈಯಗಲ ಮಾಡುವುದು, ಅಂಚು ಬಿರಿದರೆ ತಾನೇ ತಿದ್ದುವುದು. ಒಲೆಯ ಹತ್ತಿರ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಯಾವ ಮೆಟ್ಟಿಲಿನಲ್ಲೂ ಕೆಲಸ ತೀರಾ ಸುಲಭವಾಗಬಾರದು, ಮನಸ್ಸು ಮುರಿಯುವಷ್ಟು ಕಷ್ಟವೂ ಆಗಬಾರದು. ನೂಡೊ ಅವರ ಕೋತಿಗಳಿಗೆ ಗುಳಿಯ ಅಗಲ ಏನಾಗಿತ್ತೋ, ಇಲ್ಲಿ ರೊಟ್ಟಿಯ ಅಗಲ ಅದೇ.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು: ಲಕ್ವಾ ಆದವರು ಏನೂ ಮಾಡದಿದ್ದರೂ ಒಂದಿಷ್ಟು ಸುಧಾರಿಸುತ್ತಾರಲ್ಲ, ಅದನ್ನು ಅಭ್ಯಾಸದ ಫಲ ಎನ್ನುವುದು ಸರಿಯೇ? ನಿಜ, ಮೊದಲ ಮೂರು ತಿಂಗಳಲ್ಲಿ ಬಾವು ಇಳಿದು, ಮಂಕಾಗಿದ್ದ ಭಾಗಗಳು ಎಚ್ಚೆತ್ತು, ತಾನಾಗಿ ಬರುವ ಚೇತರಿಕೆ ದೊಡ್ಡದು. ಕಳೆದುಕೊಂಡದ್ದರಲ್ಲಿ ಸುಮಾರು ಶೇ. 70ರಷ್ಟು ಹಲವರಿಗೆ ತಾನಾಗಿ ಮರಳುತ್ತದೆಂಬ ಲೆಕ್ಕ 2008ರಲ್ಲಿ ಬಂತು. ಹತ್ತು ವರ್ಷದ ನಂತರ ಆ ಲೆಕ್ಕದ ಗಣಿತವೇ ಅನುಮಾನಕ್ಕೆ ಗುರಿಯಾಯಿತು. ಮೆದುಳಿನಿಂದ ಬೆನ್ನುಹುರಿಗೆ ಬರುವ ಮುಖ್ಯ ದಾರಿ ಪೂರ್ತಿ ಕಡಿದವರಲ್ಲಿ ಬೆರಳಿನ ಸೂಕ್ಷ್ಮ ಕೆಲಸ ಮರಳುವುದು ಅಪರೂಪ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಅಂಥವರಿಗೆ ಸುಳ್ಳು ಭರವಸೆ ಕೊಡುವುದು ಕ್ರೌರ್ಯ. ಒಂದೇ ಕೈಯಲ್ಲಿ ಕುಬಸ ತೊಡುವುದು, ಮೊಳೆ ಹೊಡೆದ ಮಣೆಗೆ ಬದನೆಕಾಯಿ ಸಿಕ್ಕಿಸಿ ಹೆಚ್ಚುವುದು, ಕೂತು ಏಳಲು ಗೋಡೆಗೆ ಹಿಡಿಕೆ ಹಾಕುವುದು, ಎಡಗೈ ಊಟವನ್ನು ಮನೆಮಂದಿ ಸಹಜವೆಂದು ಒಪ್ಪುವಂತೆ ಮಾಡುವುದು ಕೂಡ ಆಕ್ಯುಪೇಷನಲ್ ಥೆರಪಿಯ ಅರ್ಧ ಭಾಗ. ಆದರೆ ತಾನಾಗಿ ಮರಳಿದ ಬಲ ತಾನಾಗಿ ರೊಟ್ಟಿಯಾಗುವುದಿಲ್ಲ. ಮೇಲೆ ಹೇಳಿದ 222 ಜನರು ಆ ಮೂರು ತಿಂಗಳು ದಾಟಿದವರೇ ಆಗಿದ್ದರು, ಅವರಲ್ಲಿ ಚಿಕಿತ್ಸೆ ಪಡೆದವರ ಸುಧಾರಣೆಯನ್ನು ಅಳೆದದ್ದು ವಾಡಿಕೆಯ ಆರೈಕೆಯಲ್ಲಿದ್ದ ಉಳಿದವರೊಡನೆ ಹೋಲಿಸಿ.

ಎರಡನೆಯ ಆಕ್ಷೇಪ: ಅಭ್ಯಾಸ ಒಳ್ಳೆಯದಾದರೆ ಆದಷ್ಟು ಬೇಗ, ಆದಷ್ಟು ಹೆಚ್ಚು ಮಾಡಿಸಬೇಕಲ್ಲವೇ? ಪುರಾವೆ ಇದಕ್ಕೂ ಕಡಿವಾಣ ಹಾಕುತ್ತದೆ. ಐದು ದೇಶಗಳ 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅವರ್ಟ್ ಪರೀಕ್ಷೆಯಲ್ಲಿ, ಮೊದಲ 24 ಗಂಟೆಯೊಳಗೇ ಪದೇ ಪದೇ ಎಬ್ಬಿಸಿ ನಡೆಸಿದವರಲ್ಲಿ ಮೂರು ತಿಂಗಳ ನಂತರ ಶೇ. 46 ಜನ ಚೆನ್ನಾಗಿದ್ದರು, ವಾಡಿಕೆಯ ಆರೈಕೆ ಪಡೆದವರಲ್ಲಿ ಶೇ. 50. ಮೊದಲ ದಿನದ ಅವಸರ ಒಳಿತಿಗಿಂತ ಕೆಡುಕನ್ನೇ ಮಾಡಿತು. ಇನ್ನು ಎಣಿಕೆಯ ವಿಷಯ. ಕ್ಯಾಥರೀನ್ ಲ್ಯಾಂಗ್ 2009ರಲ್ಲಿ ಚಿಕಿತ್ಸಾ ಕೇಂದ್ರಗಳಲ್ಲಿ ಎಣಿಸಿ ನೋಡಿದಾಗ ಒಂದು ಸರದಿಯಲ್ಲಿ ಕೈಯಿಂದ ನಿಜವಾದ ಕೆಲಸ ಮಾಡಿಸುತ್ತಿದ್ದದ್ದು ಸರಾಸರಿ 32 ಸಲ ಮಾತ್ರ. ಪ್ರಾಣಿಗಳ ಪ್ರಯೋಗಗಳಲ್ಲಿ ಅದು ನೂರಾರು ಸಲ. ಆದರೆ ಅವರೇ 2016ರಲ್ಲಿ, ಲಕ್ವಾ ಆಗಿ ಆರು ತಿಂಗಳು ಕಳೆದವರಲ್ಲಿ 3,200, 6,400, 9,600 ಸಲದ ಅಭ್ಯಾಸವನ್ನು ಹೋಲಿಸಿದಾಗ ಎಣಿಕೆ ಹೆಚ್ಚಿದಂತೆ ಫಲ ಹೆಚ್ಚಲಿಲ್ಲ. ಈ ಫಲಿತಾಂಶ ನನ್ನ ವಾದವನ್ನು ಬಲಪಡಿಸುತ್ತದೆ ಎಂದೇ ನಾನು ತಿಳಿಯುತ್ತೇನೆ. ತೀರಾ ಕಡಿಮೆ ಅಭ್ಯಾಸ ಸಾಲದು, ಬರಿಯ ಹೆಚ್ಚಳವೂ ಸಾಲದು. ಕೈ ಬಳಸುವ ಜೀವನ ಬದಲಾಗಬೇಕು. ಟಾಬ್ ಅವರ ತಂಡ 2008ರಲ್ಲಿ ಇದನ್ನು ಬೇರೆ ದಾರಿಯಿಂದ ಕಂಡುಕೊಂಡಿತು: ಅಷ್ಟೇ ಹೊತ್ತಿನ ತರಬೇತಿ ಪಡೆದ ಎರಡು ಗುಂಪುಗಳಲ್ಲಿ, ಮನೆಯಲ್ಲಿ ಸೋತ ಕೈಯಿಂದ ಏನೇನು ಮಾಡಿದೆ ಎಂದು ದಿನವೂ ಲೆಕ್ಕ ಒಪ್ಪಿಸುವ ಕಟ್ಟುಪಾಡಿದ್ದ ಗುಂಪಿನಲ್ಲಿ ಮಾತ್ರ ಮೆದುಳಿನ ಬೂದು ಪದರ ಹೆಚ್ಚಿದ್ದು ಚಿತ್ರಗಳಲ್ಲಿ ಕಂಡಿತು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಏಕೆಂದರೆ ಅದು ನಮ್ಮ ದೇಶದ ಮನೆಗಳಿಂದಲೇ ಬಂದಿದೆ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿಕೊಂಡ ಅಟೆಂಡ್ ಎಂಬ ಪರೀಕ್ಷೆಯ ಫಲಿತಾಂಶ 2017ರಲ್ಲಿ ಹೊರಬಂತು. ಒಂದು ಗುಂಪಿನ ರೋಗಿಗಳ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಶುರುಮಾಡಿ, ಮನೆಗೆ ಹೋದ ಮೇಲೂ ಎರಡು ತಿಂಗಳವರೆಗೆ ಮುಂದುವರಿಸಿ, ಕೆಲಸಗಳ ಮೂಲಕ ಚೇತರಿಕೆ ಮಾಡಿಸುವುದನ್ನು ಕಲಿಸಲಾಯಿತು. ಆರು ತಿಂಗಳ ನಂತರ ಸತ್ತವರು ಮತ್ತು ಪರಾಧೀನರಾದವರ ಪ್ರಮಾಣ ಎರಡೂ ಗುಂಪಿನಲ್ಲಿ ಶೇ. 47. ತರಬೇತಿಯಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಮನೆಯೇ ಆಸ್ಪತ್ರೆ, ಮಗಳೇ ಥೆರಪಿಸ್ಟ್ ಎಂದು ಸುಲಭದ ಮಾತಾಡುವವರೆಲ್ಲ ಈ ಅಂಕಿಯ ಮುಂದೆ ನಿಂತು ಉತ್ತರ ಹೇಳಬೇಕು. ಇದಕ್ಕೆ ಎದುರಾಗಿ ಇಂಗ್ಲೆಂಡಿನ ಮರಿಯನ್ ವಾಕರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪರೀಕ್ಷೆ ಇದೆ. ಲಕ್ವಾ ಆಗಿಯೂ ಆಸ್ಪತ್ರೆಗೆ ಸೇರದೆ ಮನೆಯಲ್ಲೇ ಉಳಿದ 185 ಜನರಲ್ಲಿ ಒಂದು ಗುಂಪಿನವರ ಮನೆಗೆ ಆಕ್ಯುಪೇಷನಲ್ ಥೆರಪಿಸ್ಟ್ ಐದು ತಿಂಗಳವರೆಗೆ ಹೋಗಿಬಂದರು. ಆರು ತಿಂಗಳಿಗೆ ಆ ಗುಂಪಿನವರು ಮನೆಗೆಲಸ, ಓಡಾಟ, ಸ್ವಂತ ಆರೈಕೆಯಲ್ಲಿ ಸ್ಪಷ್ಟವಾಗಿ ಮುಂದಿದ್ದರು; ನೋಡಿಕೊಳ್ಳುವವರ ಮೇಲಿನ ಭಾರವೂ ಇಳಿದಿತ್ತು. ಎರಡು ಪರೀಕ್ಷೆಗಳ ರೋಗಿಗಳ ತೀವ್ರತೆ ಬೇರೆ, ದೇಶ ಬೇರೆ, ಅಳತೆಗೋಲು ಬೇರೆ. ಸೀದಾ ಹೋಲಿಸಲು ಬರುವುದಿಲ್ಲ. ಆದರೂ ಎರಡನ್ನೂ ಓದಿದ ಮೇಲೆ ನನಗೆ ಒಂದು ತೀರ್ಮಾನ ನ್ಯಾಯವೆನಿಸುತ್ತದೆ: ಕಲಿಸುವ ವಿದ್ಯೆಯನ್ನು ಮನೆಯವರಿಗೆ ಒಂದೆರಡು ತಿಂಗಳಲ್ಲಿ ದಾಟಿಸಿ ಹೊರಟುಹೋಗಲು ಆಗುವುದಿಲ್ಲ. ಕೈ ಬದಲಾದಂತೆ ಕೆಲಸವನ್ನೂ ಬದಲಿಸುತ್ತಾ ಹೋಗುವ ಕಣ್ಣು ತಿಂಗಳುಗಟ್ಟಲೆ ಜೊತೆಗಿರಬೇಕು.

ಆ ಕಣ್ಣು ಸಿಂದಗಿಗೆ ಎಲ್ಲಿಂದ ಬರಬೇಕು? ಅಮೆರಿಕದಲ್ಲಿ ಹುಟ್ಟಿ ಭಾರತೀಯರೊಬ್ಬರನ್ನು ಮದುವೆಯಾಗಿ ಇಲ್ಲೇ ನೆಲೆಸಿದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಆಗ ವಿಜಯಪುರ ಜಿಲ್ಲೆ ಮುಂಬಯಿ ರಾಜ್ಯದ್ದೇ ಭಾಗ. 1956ರ ನವೆಂಬರ್ 1ರವರೆಗೂ ಹಾಗೇ ಇತ್ತು. ಆಗ ನಮ್ಮದೇ ರಾಜಧಾನಿಯಾಗಿದ್ದ ಊರಿನಲ್ಲಿ ಬೇರೂರಿದ ಆ ವಿದ್ಯೆ ಮುಂಬಯಿ, ಮಣಿಪಾಲ, ಬೆಂಗಳೂರಿನಂಥ ಊರುಗಳಲ್ಲಿ ಬೆಳೆಯಿತು. ಭೀಮಾತೀರದ ಹಳ್ಳಿಯ ಮನೆಮಂದಿಗೆ ಅದರ ಹೆಸರೇ ಇನ್ನೂ ಹೊಸದು. ಸಿಂದಗಿಯಿಂದ ವಿಜಯಪುರ ಸುಮಾರು 60 ಕಿಲೋಮೀಟರ್. ಕೈಕಾಲು ಸೋತವರನ್ನು ವಾರಕ್ಕೆರಡು ಸಲ ಅಲ್ಲಿಗೆ ಒಯ್ಯುವುದೆಂದರೆ ಜೊತೆಯವರ ಕೂಲಿಯೂ ಹೋಯಿತು, ಗಾಡಿಯ ಬಾಡಿಗೆಯೂ ಹೋಯಿತು. ಆದರೆ ಕಟ್ಟಡ ಮತ್ತು ಯಂತ್ರ ಬೇಡುವ ಚಿಕಿತ್ಸೆ ಇದಲ್ಲ. ಮೊರ, ಪರಾತ, ಶೇಂಗಾ, ತಂಬಿಗೆ ಮನೆಯಲ್ಲೇ ಇವೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಮನೆಮನೆಯ ಬಾಗಿಲು ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಆಕ್ಯುಪೇಷನಲ್ ಥೆರಪಿಯನ್ನು ನಿಯಮಿತ ವೃತ್ತಿಯಾಗಿ ಗುರುತಿಸಿದೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದು, ಅವರು ಕೈಯನ್ನು ಪರೀಕ್ಷಿಸಿ ಮೆಟ್ಟಿಲು ಕಟ್ಟಿಕೊಟ್ಟು, ಹಳ್ಳಿಯ ಕಾರ್ಯಕರ್ತರು ವಾರವಾರ ಹೋಗಿ ನೋಡಿ, ಕೆಲಸ ಬದಲಿಸಬೇಕಾದಾಗ ಅವರಿಗೆ ತಿಳಿಸುವ ವ್ಯವಸ್ಥೆ ಅಸಾಧ್ಯವಾದದ್ದೇನಲ್ಲ. ಅಟೆಂಡ್ ಪರೀಕ್ಷೆಯಲ್ಲಿ ತುಂಬದೆ ಉಳಿದ ಜಾಗವನ್ನು ಇಂಥ ಜೋಡಣೆಯೇ ತುಂಬಬೇಕು. ತುಂಬುತ್ತದೆಯೋ ಇಲ್ಲವೋ ಎಂಬುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಅಳೆದು ನೋಡಬೇಕು.

ಓದುಗರಿಗೆ ನನ್ನ ಮಾತು ಇಷ್ಟು. ನಿಮ್ಮ ಮನೆಯಲ್ಲಿ ಲಕ್ವಾ ಆದವರಿದ್ದರೆ ಅವರ ಕೈಯಿಂದ ಕೆಲಸ ಕಸಿದುಕೊಳ್ಳಬೇಡಿ. ವೈದ್ಯರು ಒಪ್ಪಿದ ಮೇಲೆ, ಅಪಾಯವಿಲ್ಲದ, ಅವರು ಜೀವನವಿಡೀ ಮಾಡಿದ ಒಂದು ಕೆಲಸವನ್ನು ಸಣ್ಣದು ಮಾಡಿ ಅವರ ಮುಂದಿಡಿ. ತಡವಾದರೆ ಕಾಯಿರಿ, ತಪ್ಪಿದರೆ ತಿದ್ದಿಕೊಳ್ಳಲು ಬಿಡಿ, ಬಿದ್ದ ಕಾಳನ್ನು ಅವರೇ ಹೆಕ್ಕಲಿ. ತೋಳು ಹಿಡಿದು ಎಳೆಯಬೇಡಿ, ಬೆಂಕಿಯ ಹತ್ತಿರ ಒಬ್ಬರನ್ನೇ ಬಿಡಬೇಡಿ. ಎಡಗೈಯಿಂದ ಉಣ್ಣಬೇಕಾದವರನ್ನು ನಿಮ್ಮ ಪಕ್ಕದಲ್ಲೇ ಪಂಕ್ತಿಗೆ ಕೂರಿಸಿಕೊಳ್ಳಿ. ಹಾಗೆಯೇ ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಯಾರೆಂದು ಕೇಳಿ ತಿಳಿಯಿರಿ, ತಾಲ್ಲೂಕು ಆಸ್ಪತ್ರೆಗೆ ಆಕ್ಯುಪೇಷನಲ್ ಥೆರಪಿಸ್ಟ್ ಹುದ್ದೆ ಬೇಕೆಂದು ನಿಮ್ಮ ಶಾಸಕರಿಗೆ ಬರೆಯಿರಿ. ಪ್ರಾಣ ಉಳಿಸುವ ಚಿಕಿತ್ಸೆಯನ್ನು ಹಕ್ಕೆಂದು ಕೇಳುವ ನಾವು, ಉಳಿದ ಪ್ರಾಣ ತನ್ನ ತುತ್ತನ್ನು ತಾನೇ ಎತ್ತಿಕೊಳ್ಳುವಂತೆ ಮಾಡುವ ಚಿಕಿತ್ಸೆಯನ್ನೂ ಹಕ್ಕೆಂದೇ ಕೇಳಬೇಕು.